ಬಾಗಿದ ಕಾರ್ಡನ್ನು ಒತ್ತದೆಯೇ ವೆನಿಸ್ ಕಂಡಿದ್ದು

ಸ್ಟೀರಿಯೊ ಕಾರ್ಡೆಂದರೆ ಒಂದೇ ನೋಟದ ಎರಡು ಫೋಟೊಗಳನ್ನು, ಒಂದೊಂದು ಕಣ್ಣಿಗೆ ಒಂದರಂತೆ, ಅಕ್ಕಪಕ್ಕ ಅಂಟಿಸಿದ ರಟ್ಟು. ವೀಕ್ಷಕದಲ್ಲಿ ನೋಡಿದರೆ ಆಳ ಕಾಣುತ್ತದೆ. ಅಂಥ ಬಾಗಿದ ಕಾರ್ಡಿನ ಎರಡು ಅರ್ಧಗಳನ್ನು ಬೇರೆ ಬೇರೆಯಾಗಿ ಫೋಟೊ ತೆಗೆದು ಜೋಡಿಸುತ್ತೇನೆ ಎಂದಾಗ ನಮ್ಮ ಸಂಗ್ರಾಹಕ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಒಂದೇ ಶಾಟ್‌ನಲ್ಲಿ ತೆಗೆಯದಿದ್ದರೆ ಆಳ ಕೆಡುತ್ತದೆ ಎಂಬುದು ಎಲ್ಲರ ವಾದ. ಈಗ ಅದೇ ಗೆಳೆಯರು ತಮ್ಮ ಕಾರ್ಡುಗಳನ್ನು ನನ್ನ ಮನೆಗೆ ತಂದುಕೊಡುತ್ತಿದ್ದಾರೆ.

ನನ್ನಲ್ಲಿರುವುದು ಹೆಚ್ಚಾಗಿ ವೆನಿಸ್. 1890ರಿಂದ 1910ರ ಆಸುಪಾಸಿನವು, ಇಂಥ ಕಾರ್ಡು ಮಾರುತ್ತಿದ್ದ ಅಂಡರ್‌ವುಡ್ ಮತ್ತು ಕೀಸ್ಟೋನ್ ಕಂಪನಿಗಳವು. ಒಂದಕ್ಕೆ ಐನೂರರಿಂದ ಎಂಟುನೂರು ರೂಪಾಯಿ. ಅಂಚೆ, ಕಸ್ಟಮ್ಸ್ ಸೇರಿದರೆ ದಾರಿ ಖರ್ಚೇ ಕಾರ್ಡಿಗಿಂತ ಜಾಸ್ತಿ, ಅದಕ್ಕೇ ಇಪ್ಪತ್ತು-ಮೂವತ್ತರ ಲಾಟ್ ಸಿಕ್ಕರೆ ಮಾತ್ರ ಕೈ ಹಾಕುತ್ತೇನೆ.

ಇವುಗಳ ರಟ್ಟನ್ನು ಎರಡು ತುದಿ ನೋಡುವವರ ಕಡೆಗೆ ಬರುವಂತೆ ಬೇಕೆಂದೇ ಬಾಗಿಸಿದ್ದಾರೆ. ತೆಳ್ಳನೆಯ ಸಿಐಎಸ್ ಸ್ಕ್ಯಾನರ್ (ಗಾಜಿಗೆ ತೀರ ಹತ್ತಿರದ್ದಷ್ಟೇ ಸ್ಪಷ್ಟವಾಗಿ ಕಾಣುವ ಬಗೆ) ಗಾಜಿಗೆ ತಾಗಿದ ಅಂಚನ್ನಷ್ಟೇ ಚೂಪಾಗಿ ಹಿಡಿಯಿತು. ಮೂರ್ನಾಲ್ಕು ಮಿಲಿಮೀಟರ್ ಮೇಲೆ ನಿಂತ ನಡುಭಾಗ ಬರೀ ಮಂಜು. ಗಾಜಿನಡಿ ಒತ್ತಿ ಸ್ಕ್ಯಾನ್ ಮಾಡಿಕೊಡುವ ಅಂಗಡಿಯೊಂದಕ್ಕೆ ಕಾರ್ಡಿಗೆ ಇನ್ನೂರೈವತ್ತರಂತೆ ಕೊಟ್ಟೆ. ರಿಯಾಲ್ಟೊ ಸೇತುವೆಯ ಒಳ್ಳೆಯ ಕಾರ್ಡೊಂದು ಮೇಲಿಂದ ಕೆಳಗಿನವರೆಗೆ ಸೀಳಿ ವಾಪಸು ಬಂತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಆಮೇಲೆ ಹತ್ತಿರದಿಂದ ಫೋಟೊ ತೆಗೆಯುವ ಹಳೆಯ ಮ್ಯಾಕ್ರೊ ಲೆನ್ಸ್ ಕೊಂಡೆ, ಹನ್ನೆರಡು ಸಾವಿರದ ಹತ್ತಿರ. ಇಡೀ ಕಾರ್ಡನ್ನು ಒಂದೇ ಶಾಟ್‌ನಲ್ಲಿ ತೆಗೆದರೆ ಎಲ್ಲ ಸ್ಪಷ್ಟ, ಆದರೆ ಕಟ್ಟಡಗಳೇ ಬಾಗಿದವು. ಸಂತ ಮಾರ್ಕನ ಚೌಕದ ಉತ್ತರಕ್ಕಿರುವ ಪ್ರೊಕುರಾಟಿಯೆ ವೆಕ್ಕಿಯೆ ನೇರವಾದ ಉದ್ದ ಕಟ್ಟಡ. ನನ್ನ ಜೋಡಿಚಿತ್ರದಲ್ಲಿ ಅದು ದೊನ್ನೆಯಂತೆ ಬಾಗಿತ್ತು.

ಕಾರ್ಡಿನ ಎರಡು ತುದಿ ಲೆನ್ಸಿಗೆ ಹತ್ತಿರ, ಆದ್ದರಿಂದ ದೊಡ್ಡದಾಗಿ ಬರುತ್ತವೆ. ಎಡಚಿತ್ರ ಎಡತುದಿಯಲ್ಲಿ ಹಿಗ್ಗುತ್ತದೆ, ಬಲಚಿತ್ರ ಬಲತುದಿಯಲ್ಲಿ. ಎರಡು ಕಣ್ಣಿಗೂ ಬೇರೆ ಬೇರೆ ತಪ್ಪು ಸಿಕ್ಕಿದರೆ ಮಿದುಳು ಅದನ್ನೂ ಆಳವೆಂದೇ ಓದುತ್ತದೆ. ಅದಕ್ಕೇ ನಾನು ಒಂದೊಂದು ಅರ್ಧವನ್ನು ಬೇರೆಯಾಗಿ ತೆಗೆಯುವಾಗ ಕಾರ್ಡಿನಡಿ ಸಣ್ಣ ಬೆಣೆ ಕೊಟ್ಟು, ತೆಗೆಯುವ ಅರ್ಧದ ನಡುಭಾಗ ಲೆನ್ಸಿಗೆ ನೇರ ಎದುರಾಗುವಂತೆ ಓರೆ ಮಾಡುತ್ತೇನೆ. ಇನ್ನೊಂದು ಅರ್ಧಕ್ಕೆ ಬೆಣೆ ಆಚೆ ಬದಿಗೆ. ಬಾಗು ಹೋಗುವುದಿಲ್ಲ, ಆದರೆ ಎರಡರಲ್ಲೂ ಒಂದೇ ಥರ ಉಳಿಯುತ್ತದೆ, ಸುಳ್ಳು ಆಳ ಹುಟ್ಟುವುದಿಲ್ಲ. ಕ್ಯಾಮೆರಾ, ಫೋಕಸ್, ಎಕ್ಸ್‌ಪೋಶರ್ ಮುಟ್ಟಬಾರದು, ಸರಿಸುವುದು ಕಾರ್ಡನ್ನು ಮಾತ್ರ. ಪಕ್ಕದಲ್ಲೊಂದು ಮಿಲಿಮೀಟರ್ ಸ್ಕೇಲ್ ಇದ್ದರೆ ಗಾತ್ರ ಹೊಂದಿಸುವುದು ಸುಲಭ. ಆಮೇಲೆ ಎರಡನ್ನೂ ಜೋಡಿಸುವ ಸ್ಟೀರಿಯೊಫೋಟೊ ಮೇಕರ್ ಎಂಬ ಸಾಫ್ಟ್‌ವೇರ್‌ನಲ್ಲಿ ತಿರುವು ಮತ್ತು ಮೇಲು-ಕೆಳಗನ್ನಷ್ಟೇ ಸರಿಪಡಿಸುತ್ತೇನೆ. ಕಾರ್ಡು ಜಾರದಂತೆ ಕೆಳಗೆ ಏನು ಹಾಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಪ್ರೊಕುರಾಟಿಯೆ ನೇರವಾಯಿತು. ಕಮಾನಿನ ಹಿಂದೆ ಕಮಾನು ಎಣಿಸಿಕೊಂಡು ಹೋಗಬಹುದು.

ಕಪ್ಪು ಭಾಗಗಳಲ್ಲಿ ಫೋಟೊದ ಬೆಳ್ಳಿ ಎದ್ದು ನೀಲಿ ಹೊಳಪು ಬಂದಿದ್ದರೆ, ಆ ಹೊಳಪು ತಡೆಯಲು ದೀಪಗಳಿಗೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಅದಕ್ಕೆ ಅಡ್ಡವಾಗಿ ತಿರುಗಿಸಿದ ಅದೇ ಬಗೆಯ ಫಿಲ್ಟರ್. ಎಲ್ಲ ಸೇರಿ ಒಂದೂವರೆ ಸಾವಿರ ಹಿಡಿದೀತು. ವೆನಿಸಿನ ದೋಣಿ ಗೊಂಡೊಲಾದ ಮೇಲಿನ ಕಪ್ಪು ಗೂಡು, ಅದೇ ಫೆಲ್ಜೆ, ಅದರ ಪುಟ್ಟ ಕಿಟಕಿಯೊಳಗೆ ಕೂತ ಹೆಂಗಸಿನ ಟೋಪಿ ನನಗೆ ಕಂಡಿದ್ದು ಈ ಬೆಳಕಿನಲ್ಲೇ.

ನನಗೆ ಪ್ರಾಣವಾದ ಕಾರ್ಡು ಬೇರೆ. ಅದೇ ಚೌಕದ ಕಾಂಪನಿಲೆ ಗಂಟೆಗೋಪುರ 1902ರ ಜುಲೈ 14ರ ಬೆಳಿಗ್ಗೆ ಕುಸಿಯಿತಲ್ಲ, ಆ ಇಟ್ಟಿಗೆ ರಾಶಿಯದ್ದು. ಬರಿಗಣ್ಣಿಗೆ ಬೂದು ಗುಡ್ಡೆ. ಜೋಡಿಸಿ ನೋಡಿದರೆ ಒಂದೊಂದು ಇಟ್ಟಿಗೆಯೂ ಬಿಡಿ ಬಿಡಿ, ಹಿಂದೆ ಬೆಸಿಲಿಕಾ ಹಾಗೇ ನಿಂತಿದೆ. ಗೋಪುರದ ಬುಡದಲ್ಲಿದ್ದ ಪುಟ್ಟ ಕಟ್ಟಡ ಲೊಜೆಟ್ಟಾ ಪೂರ್ತಿ ಪುಡಿ. ಹೊಸ ಗೋಪುರ ಉದ್ಘಾಟನೆಯಾದದ್ದು 1912ರ ಏಪ್ರಿಲ್ 25ರಂದು, ಹಾಗಾಗಿ ಗೋಪುರವಿಲ್ಲದ ಚೌಕದ ಕಾಲ ಹೇಳುವುದು ಸುಲಭ. ಕಾರ್ಡಿನ ಮೇಲಿನ ಕಾಪಿರೈಟ್ ವರ್ಷವನ್ನಂತೂ ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಹಳೆಯ ನೆಗೆಟಿವ್‌ಗಳನ್ನು ವರ್ಷಗಟ್ಟಲೆ ಮಾರಿದ್ದಾರೆ.

ನಡುವೆ ಕೆಂಪು-ನೀಲಿ ಕನ್ನಡಕದ ಪ್ರಿಂಟನ್ನೂ ಮಾಡಿಸಿದೆ. ಕಂದು ಛಾಯೆ ಉಳಿಸಿಕೊಂಡರೆ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೂ ನೆರಳಿನಂತೆ ಕಾಣುತ್ತದೆ, ಮೊದಲು ಕಪ್ಪು-ಬಿಳುಪು ಮಾಡಿಕೊಳ್ಳಿ. ಮೊಬೈಲ್ ಹಾಕುವ ರಟ್ಟಿನ ವೀಕ್ಷಕದಲ್ಲಿ ತಲೆನೋವು ಬಂದರೆ ದೂರದ ಒಂದೇ ಬಿಂದು ಎಡಚಿತ್ರದಲ್ಲೂ ಬಲಚಿತ್ರದಲ್ಲೂ ಇರುವ ಜಾಗಗಳ ನಡುವಿನ ಅಂತರ ನೋಡಿ. ಕಾರ್ಡುಗಳಲ್ಲಿ ಅದು ಹೆಚ್ಚಾಗಿ ಎಪ್ಪತ್ತೈದು ಮಿಲಿಮೀಟರಿನ ಆಸುಪಾಸು ಅಥವಾ ಮೇಲೆ ಇರುತ್ತದೆ, ಪರದೆಯಲ್ಲಿ ಅರವತ್ತೆರಡರ ಹತ್ತಿರ ತನ್ನಿ. ಹಿಂದಿನ ಫೋಟೊಗ್ರಾಫರ್ ಕಾರ್ಲೊ ನಾಯಾ ಕಾಲದ ಚಪ್ಪಟೆ ರಟ್ಟಿನ ಕಾರ್ಡುಗಳಿಗೆ ಬೆಣೆಯ ಗೊಡವೆಯಿಲ್ಲ, ಅವನ್ನು ನಾನೂ ಸ್ಕ್ಯಾನರಿಗೇ ಹಾಕುತ್ತೇನೆ.