ಕಲ್ಲುಕಾಡಿನಲ್ಲಿ ಸೈಕಲ್: ಹಸಿರು, ನೀಲಿ, ಕಪ್ಪು

ಬಾಸ್ಟನ್ ಸುತ್ತಲಿನ ಕಾಡುಗಳಲ್ಲಿ ಗುಡ್ಡಗಳು ಎತ್ತರವಿಲ್ಲ. ಮೌಂಟನ್ ಬೈಕ್ ಓಡಿಸುವವರನ್ನು ಸುಸ್ತು ಮಾಡುವುದು ಏರಲ್ಲ, ಕಲ್ಲು. ಹಿಮಯುಗದ ಹಿಮರಾಶಿ ಕರಗುತ್ತಾ ಬಿಟ್ಟುಹೋದ ಬಂಡೆ, ಗುಂಡುಕಲ್ಲುಗಳು ದಾರಿಯುದ್ದಕ್ಕೂ ಇವೆ. ಹಿಂದೆ ಇಲ್ಲಿ ಬೇಸಾಯ ಮಾಡಿದವರು ಹೊಲದಿಂದ ಆಯ್ದು ಪೇರಿಸಿದ ಕಲ್ಲುಗೋಡೆಗಳು ಈಗ ಮರಗಳ ನಡುವೆ ಉಳಿದಿವೆ. ಕೆಲವು ಕಡೆ ಅವುಗಳ ಮೇಲೂ ಸೈಕಲ್ ಹತ್ತಿಸಬೇಕು.

ದಾರಿಯ ಫಲಕದಲ್ಲಿ ಹಸಿರು ವೃತ್ತವಿದ್ದರೆ ಸುಲಭ, ನೀಲಿ ಚೌಕವಿದ್ದರೆ ಮಧ್ಯಮ, ಕಪ್ಪು ವಜ್ರವಿದ್ದರೆ ಕಷ್ಟ. ಸ್ಕೀ ಇಳಿಜಾರುಗಳಿಂದ ಬಂದ ಗುರುತುಗಳಿವು. ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್‌ನ ಮಾರ್ಗಸೂಚಿ ಪ್ರಕಾರ, ತಪ್ಪಿಸಲಾಗದ ಅಡ್ಡಿ ಹಸಿರು ದಾರಿಯಲ್ಲಿ 2 ಇಂಚು, ನೀಲಿಯಲ್ಲಿ 8, ಕಪ್ಪಿನಲ್ಲಿ 15 ಇಂಚಿನವರೆಗೆ ಇರಬಹುದು. ಆದರೆ ಎತ್ತರ ಹೇಳುವ ಈ ಅಳತೆ, ಅಂಥ ಕಲ್ಲು ಎಷ್ಟು ಸಾಲಾಗಿ ಬರುತ್ತವೆ ಅಂತ ಹೇಳುವುದಿಲ್ಲ. ಆರಿಂಚಿನ ಒಂದು ಕಲ್ಲನ್ನು ಯಾರಾದರೂ ದಾಟಿಯಾರು. ಅಂಥವೇ ನೂರು ಅಡಿ ಉದ್ದ ಬಿದ್ದಿದ್ದರೆ? ವರ್ಮಾಂಟ್ ರಾಜ್ಯದ ಕಿಂಗ್‌ಡಮ್ ಟ್ರೇಲ್ಸ್ ಎಂಬ ಸೈಕಲ್ ದಾರಿಗಳ ಜಾಲದಲ್ಲಿ ನೀಲಿ ದಾರಿ ಹಾಯಾಗಿ ಓಡಿಸುವವರು ನಮ್ಮ ಆಂಡೋವರ್ ಬಳಿಯ ಹೆರಾಲ್ಡ್ ಪಾರ್ಕರ್ ಕಾಡಿನಲ್ಲಿ ಇಳಿದಿಳಿದು ತಳ್ಳುವುದನ್ನು ನೋಡಿದ್ದೇನೆ.

ನಾನು ಶುರು ಮಾಡಿದ್ದು ಕಾರ್ಲೈಲ್‌ನ ಗ್ರೇಟ್ ಬ್ರೂಕ್ ಫಾರ್ಮ್‌ನಲ್ಲಿ. ಸಮತಟ್ಟಾದ ದಾರಿ, ಕೊನೆಗೆ ಐಸ್‌ಕ್ರೀಮ್; ಮಕ್ಕಳನ್ನೂ ಕರೆದೊಯ್ಯಬಹುದು. ನಿಜವಾದ ಪಾಠವಾದದ್ದು ಹೆರಾಲ್ಡ್ ಪಾರ್ಕರ್‌ನಲ್ಲಿ.

ಕಲ್ಲಿನಲ್ಲಿ ಮೊದಲು ಮಾತು ಕೇಳಬೇಕಾದದ್ದು ಪೆಡಲ್. ಪೂರ್ತಿ ಸುತ್ತು ತುಳಿದರೆ ಕೆಳಗಿನ ಪೆಡಲ್ ಕಲ್ಲಿಗೆ ಬಡಿದು ಸೈಕಲ್ ಪಕ್ಕಕ್ಕೆ ಎಗರುತ್ತದೆ. ಹಾಗಾಗಿ ಅರ್ಧ ತುಳಿದು, ಹಿಂದಕ್ಕೆ ತಿರುಗಿಸಿ, ಮತ್ತೆ ಅರ್ಧ ತುಳಿಯುತ್ತೇನೆ. ತುಳಿಯದಾಗ ಎರಡೂ ಪೆಡಲ್ ನೆಲಕ್ಕೆ ಸಮಾನಾಂತರವಾಗಿರಬೇಕು. ಗೇರ್ ತೀರಾ ಹಗುರವಿದ್ದರೆ ಈ ಅರ್ಧ ತುಳಿತಕ್ಕೆ ಬಲವೇ ಸಿಗದು. ಒಂದೆರಡು ಗೇರ್ ಗಟ್ಟಿ ಇಟ್ಟುಕೊಳ್ಳುವುದು ವಾಸಿ. ಮುಂಗಾಲಿಯನ್ನು ಎತ್ತಲೇಬೇಕೆಂದಿಲ್ಲ, ಕಲ್ಲು ಮುಟ್ಟುವ ಹೊತ್ತಿಗೆ ಮೈಭಾರ ಹಿಂದೆ ಸರಿಸಿದರೆ ಸಾಕು. ಮುಂಗಾಲಿ ಹತ್ತಿದ ಕೂಡಲೇ ಮೈ ಮುಂದಕ್ಕೆ ತಂದರೆ ಹಿಂಗಾಲಿ ತಾನಾಗಿ ಹಿಂಬಾಲಿಸುತ್ತದೆ. ಟ್ಯೂಬ್‌ಲೆಸ್ 2.4 ಇಂಚಿನ ಟೈರಿಗೆ ನಾನು ಮುಂದೆ 22, ಹಿಂದೆ 25 ಪಿಎಸ್‌ಐ ಗಾಳಿ ಇಡುತ್ತೇನೆ. ನನ್ನ ತೂಕ ಎಪ್ಪತ್ತು ಕಿಲೋ. ಭಾರವಿದ್ದವರು ಹೆಚ್ಚಿಸಿಕೊಳ್ಳಿ, ಇಲ್ಲದಿದ್ದರೆ ರಿಮ್ ಕಲ್ಲಿಗೆ ಬಡಿಯುತ್ತದೆ. ದುಬಾರಿ ಸಸ್ಪೆನ್ಷನ್‌ಗಿಂತ ಈ ಗಾಳಿಯ ಲೆಕ್ಕವೇ ನನಗೆ ಹೆಚ್ಚು ಉಪಕಾರ ಮಾಡಿದೆ.

ಅಕ್ಟೋಬರಿನ ಬಣ್ಣದ ಎಲೆಗಳು ಫೋಟೋಕ್ಕೆ ಚೆಂದ, ಕೆಳಗಿನ ಕಲ್ಲನ್ನು ಮಾತ್ರ ಪೂರ್ತಿ ಮುಚ್ಚಿಡುತ್ತವೆ. ಓಕ್ ಕಾಯಿಗಳ ಮೇಲೆ ತಿರುಗುವುದು ರಾಗಿ ಚೆಲ್ಲಿದ ನೆಲದ ಮೇಲೆ ನಡೆದಂತೆ. ಬೇಸಿಗೆಯಲ್ಲಿ ಲೈಮ್ ರೋಗ ಹರಡುವ ಉಣ್ಣಿಗಳ ಕಾಟ. ಮನೆಗೆ ಬಂದೊಡನೆ ಮೊಣಕಾಲ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಬೇಕು. ಮಂಗನಕಾಯಿಲೆ ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮಿಲ್‌ಫರ್ಡ್‌ನ ‘ವಿಯೆಟ್ನಾಮ್’ ಎಂಬ ಹೆಸರಿನ ಸೈಕಲ್ ಕಾಡು. ಕಟ್ಟಡಗಳ ಪಾಲಾಗದಿರಲೆಂದು ನ್ಯೂ ಇಂಗ್ಲೆಂಡ್ ಮೌಂಟನ್ ಬೈಕ್ ಅಸೋಸಿಯೇಷನ್ 2003ರಲ್ಲಿ ಅಲ್ಲಿನ 47 ಎಕರೆಯನ್ನು ಕೊಂಡುಕೊಂಡಿತು. ಅಲ್ಲಿ ಬಂಡೆಯಿಂದ ಧುಮುಕುವ ಜಾಗಗಳಿವೆ. ಅಂಥವನ್ನು ನಾನು ಮೊದಲು ಇಳಿದು, ಕೆಳಗೆ ನಿಂತು ನೋಡುತ್ತೇನೆ. ಗಾಲಿ ಎಲ್ಲಿ ನೆಲ ಮುಟ್ಟುತ್ತದೆ, ಮುಟ್ಟಿದ ಮೇಲೆ ಬ್ರೇಕ್ ಹಿಡಿಯಲು ಎಷ್ಟು ಜಾಗವಿದೆ ಎಂದು ಗೊತ್ತಾದರಷ್ಟೇ ಇಳಿಸುವುದು. ಮಿಕ್ಕವನ್ನು ಈಗಲೂ ಸೈಕಲ್ ಹೆಗಲಿಗೇರಿಸಿಯೇ ದಾಟುತ್ತೇನೆ.