ಪಟ್ಟಿಯಲ್ಲಿಲ್ಲದ ಉಪಗ್ರಹಕ್ಕೆ ತಾರಸಿಯಿಂದ ಕಾವಲು

ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಕಕ್ಷೆಯ ವಿವರವನ್ನು ಆ ದೇಶ ಹೊರಗೆ ಬಿಡುವುದಿಲ್ಲ. ಆದರೆ ಬಿಸಿಲು ಬಿದ್ದರೆ ಅವೂ ಹೊಳೆಯಲೇಬೇಕಲ್ವಾ? ನಾನಾ ದೇಶದ ಹವ್ಯಾಸಿಗಳು ನೋಡಿ, ಅಳೆದು, ಕಕ್ಷೆಯನ್ನು ತಾವೇ ಲೆಕ್ಕ ಹಾಕುತ್ತಾರೆ. ರಾಜಾಜಿನಗರದ ತಾರಸಿಯಿಂದ ನಾನೂ ಅದನ್ನೇ ಮಾಡುತ್ತೇನೆ.

ಸಾಮಾನು ಜಾಸ್ತಿ ಬೇಡ. 10×50 ಬೈನಾಕ್ಯುಲರ್, ಸ್ಟಾಪ್‌ವಾಚ್, ನಕ್ಷತ್ರಗಳ ನಕ್ಷೆ ಸಾಕು. ಅಕ್ಕಪಕ್ಕದವರಿಗೆ ಮೊದಲೇ ವಿಷಯ ಹೇಳಿಬಿಡಿ, ಇಲ್ಲದಿದ್ದರೆ ಗೂಢಚಾರ ನೀವೇ ಆಗುತ್ತೀರಿ.

ಹೊತ್ತು ಮಾತ್ರ ಕಡಿಮೆ. ಉತ್ತರ ಯುರೋಪಿನವರಿಗೆ ಬೇಸಿಗೆಯಲ್ಲಿ ರಾತ್ರಿಯಿಡೀ ಉಪಗ್ರಹ ಕಾಣುತ್ತವೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಸರಕ್ಕನೆ ಇಳಿಯುತ್ತಾನೆ, ಭೂಮಿಯ ನೆರಳು ಬೇಗ ಏರುತ್ತದೆ. 700 ಕಿ.ಮೀ. ಎತ್ತರದ್ದಾದರೆ ಸೂರ್ಯ ಮುಳುಗಿದ ಸುಮಾರು ಎರಡು ಗಂಟೆಯೊಳಗೆ ಆಟ ಮುಗಿಯಿತು. ಮತ್ತೆ ಬೆಳಗಿನ ಜಾವವೇ. ಮಳೆಗಾಲದಲ್ಲಂತೂ ಸುಮ್ನೆ ಮಲಗುವುದೇ ವಾಸಿ.

ನನ್ನ ಮೆಚ್ಚಿನದು 2005ರಲ್ಲಿ ಹಾರಿಸಿದ ರೇಡಾರ್ ಉಪಗ್ರಹ ಲಕ್ರೋಸ್ 5. ತುಸು ಕೆಂಪಗೆ ಬರುತ್ತದೆ. ಕೆಲವೊಮ್ಮೆ ನೆರಳು ಸೇರುವ ಮೊದಲೇ, ಕೆಲವೇ ಸೆಕೆಂಡಿನಲ್ಲಿ ಮಂಕಾಗಿ ಮಾಯ!

ಮಾರ್ಚ್ ಸಂಜೆ ಪುನರ್ವಸುವಿನ ಜೋಡಿ ನಕ್ಷತ್ರಗಳು ಮೇಲೆ ಚೆನ್ನಾಗಿ ಕಾಣುತ್ತವೆ. ಎರಡನ್ನೂ ಸೇರಿಸುವ ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಳ್ಳುತ್ತೇನೆ. ಉಪಗ್ರಹ ಅದನ್ನು ದಾಟುತ್ತಿದ್ದಂತೆ ಗುಂಡಿ ಒತ್ತುತ್ತೇನೆ. ಎಲ್ಲಿ ದಾಟಿತು? ಜೋಡಿಯಲ್ಲಿ ಒಂದಾದ ಕ್ಯಾಸ್ಟರ್‌ನಿಂದ ಮೂರನೇ ಒಂದು ಭಾಗದಲ್ಲಿ, ಹೀಗೆ ಕಣ್ಣಳತೆ. ಆ ಜೋಡಿಯ ನಡುವೆ ನಾಲ್ಕೂವರೆ ಡಿಗ್ರಿ ಅಂತರ, ಅಳತೆ ಒರಟಾಗುತ್ತದೆ. ಒತ್ತೊತ್ತಾಗಿರುವ ಮಂಕು ನಕ್ಷತ್ರಗಳು ಸಿಕ್ಕರೆ ಅವೇ ಒಳ್ಳೆಯವು. ನಮ್ಮೂರಿನ ಬೀದಿ ದೀಪಗಳ ಬೆಳಕಿನಲ್ಲಿ ಅವನ್ನು ಹುಡುಕಲು ಬೈನಾಕ್ಯುಲರ್ ಬೇಕೇ ಬೇಕು.

ನನ್ನ ಪ್ರಕಾರ ಲೆನ್ಸಿಗಿಂತ ಗಡಿಯಾರ ಮುಖ್ಯ. ಉಪಗ್ರಹ ಸೆಕೆಂಡಿಗೆ ಸುಮಾರು 7.5 ಕಿ.ಮೀ. ಓಡುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೆ 750 ಮೀಟರ್ ಹೋಯಿತು. ಹಾಗಾಗಿ ಗಡಿಯಾರವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಂಡೇ ಮೇಲೆ ಹತ್ತುತ್ತೇನೆ. ತಾರಸಿಯ ಅಕ್ಷಾಂಶ, ರೇಖಾಂಶ, ಎತ್ತರವನ್ನೂ ಬರೆದಿಟ್ಟುಕೊಂಡಿದ್ದೇನೆ.

ಲೆಕ್ಕಕ್ಕಿಂತ ತಡವಾಗಿ ಬಂತೇ? ಕಕ್ಷೆಯನ್ನು ಮೇಲೇರಿಸಿರಬಹುದು, ಎತ್ತರ ಹೆಚ್ಚಿದಷ್ಟೂ ಸುತ್ತು ನಿಧಾನ. ಬೇಗ ಬಂದರೆ ಕೆಳಗಿಳಿದಿದೆ ಅಂತ. ಒಬ್ಬನ ಅಳತೆ ಯಾವುದಕ್ಕೂ ಸಾಲದು, ಬೇರೆ ಊರಿನವರ ಅಳತೆ ಜೊತೆಗೂಡಬೇಕು.

2019ರಲ್ಲಿ ಇರಾನಿನ ಸೆಮ್ನಾನ್ ಉಡಾವಣಾ ಕೇಂದ್ರದ ಅಪಘಾತದ ಚಿತ್ರವನ್ನು ಟ್ರಂಪ್ ಟ್ವೀಟ್ ಮಾಡಿದರು. ತೆಗೆದದ್ದು ಯಾವ ಉಪಗ್ರಹ ಎಂದು ಹೇಳಲಿಲ್ಲ. ಚಿತ್ರದ ಕೋನ, ನೆರಳು ನೋಡಿ ಹವ್ಯಾಸಿಗಳೇ ಹೇಳಿದರು: ಯುಎಸ್‌ಎ 224. ಅದರ ಕಕ್ಷೆ ಅವರ ಬಳಿ ಮೊದಲೇ ಇತ್ತಲ್ಲ!