ತಲೆ ಎಣಿಸಿದರೆ ಸಾಲದು, ವಯಸ್ಸೂ ನೋಡಿ

ಅಪರೂಪದ ಪ್ರಾಣಿ ಉಳಿಯಬೇಕು. ಹಿಡಿಯುವ ಮೀನು ಮುಂದಿನ ವರ್ಷವೂ ಸಿಗಬೇಕು. ಎರಡಕ್ಕೂ ಲೆಕ್ಕ ಒಂದೇ: ಎಷ್ಟು ಹುಟ್ಟುತ್ತವೆ, ಎಷ್ಟು ಸಾಯುತ್ತವೆ, ಯಾವ ವಯಸ್ಸಿನಲ್ಲಿ ಸಾಯುತ್ತವೆ.

ಮೊದಲು ಎಣಿಕೆ. ಕೆರೆಯ ಮೀನನ್ನೆಲ್ಲ ಎಣಿಸೋಕೆ ಆಗಲ್ಲ, ಅಲ್ವಾ? 50 ಮೀನು ಹಿಡಿದು, ಗುರುತು ಹಾಕಿ ಬಿಡಿ. ಅವು ಉಳಿದವುಗಳ ಜತೆ ಬೆರೆತ ಮೇಲೆ ಮತ್ತೆ 40 ಹಿಡಿಯಿರಿ. ಅದರಲ್ಲಿ 10ಕ್ಕೆ ಗುರುತಿದ್ದರೆ ಕಾಲು ಭಾಗವಾಯಿತು. ಹಾಗಾದರೆ ಮೊದಲಿನ 50 ಕೂಡ ಕೆರೆಯ ಮೀನಿನ ಕಾಲು ಭಾಗ; ಒಟ್ಟು ಸುಮಾರು 200. ಹುಲಿಗೆ ಗುರುತು ಹಾಕುವ ಕೆಲಸವೂ ಇಲ್ಲ. ಒಂದರ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ, ಕ್ಯಾಮೆರಾ ಇಟ್ಟರೆ ಸಾಕು.

ಆಮೇಲೆ, ಯಾವ ವಯಸ್ಸಿನ ಸಾವು ಜಾಸ್ತಿ ಪೆಟ್ಟು ಕೊಡುತ್ತದೆ ಎಂದು ಹುಡುಕಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಹೆಜ್ಜೆ. ಅಮೆರಿಕದಲ್ಲಿ ಲಾಗರ್‌ಹೆಡ್ ಕಡಲಾಮೆ ಉಳಿಸಲು ಜನ ದಡದ ಮೊಟ್ಟೆಗಳನ್ನು ವರ್ಷಗಟ್ಟಲೆ ಕಾದರು. 1987ರಲ್ಲಿ ಪ್ರಕಟವಾದ ಲೆಕ್ಕ ಬೇರೆಯದನ್ನೇ ಹೇಳಿತು. ಒಂದು ಮೊಟ್ಟೆಯೂ ಹಾಳಾಗದಂತೆ ಕಾದರೂ ಆಮೆಗಳ ಇಳಿಕೆ ನಿಲ್ಲುವುದಿಲ್ಲ! ಈ ಆಮೆ ಮೊಟ್ಟೆಯಿಡುವ ವಯಸ್ಸಿಗೆ ಬರಲು ಇಪ್ಪತ್ತು ವರ್ಷವೋ ಇನ್ನೂ ಜಾಸ್ತಿಯೋ ಬೇಕು. ಅಷ್ಟರಲ್ಲಿ ಬೆಳೆದ ಆಮೆಗಳು ಸಿಗಡಿ ಬಲೆಗೆ ಸಿಕ್ಕಿ ಉಸಿರುಕಟ್ಟಿ ಸಾಯುತ್ತಿದ್ದವು. ಪರಿಹಾರ ಬಲೆಯಲ್ಲೇ ಇತ್ತು. ಒಳಗೆ ಕಂಬಿಗಳ ಜಾಲರಿ, ಪಕ್ಕದಲ್ಲಿ ಒಂದು ಕಿಂಡಿ. ಸಿಗಡಿ ಒಳಗೆ ಹೋಗುತ್ತದೆ, ಆಮೆ ಹೊರಗೆ ಬರುತ್ತದೆ. ಮೊಟ್ಟೆ ಕಾದವರ ಶ್ರಮ ವ್ಯರ್ಥ ಅಂತಲ್ಲ. ಅದೊಂದೇ ಸಾಲದು, ಅಷ್ಟೇ.

ಸಂಖ್ಯೆ ತೀರಾ ಇಳಿದಿದ್ದರೆ ಒಳಸಂಬಂಧದ ತೊಂದರೆಯನ್ನೂ ನೋಡಿ, ಅಂದರೆ ಹತ್ತಿರದ ರಕ್ತಸಂಬಂಧಿಗಳೇ ಕೂಡಿ ಮರಿ ಹಾಕುವುದರಿಂದ ಬರುವ ದೋಷಗಳನ್ನು. ಅಮೆರಿಕದ ಫ್ಲಾರಿಡಾದ ಪ್ಯಾಂಥರ್‌ಗಳಲ್ಲಿ (ಇವು ಚಿರತೆಯಲ್ಲ, ಪ್ಯೂಮಾ ಎಂಬ ದೊಡ್ಡ ಬೆಕ್ಕು) ಬಾಲ ಸೊಟ್ಟಗಾಗಿತ್ತು, ಹೃದಯದಲ್ಲಿ ದೋಷವಿತ್ತು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣುಗಳನ್ನು ತಂದು ಬಿಟ್ಟ ಮೇಲೆ ಚೇತರಿಕೆ ಶುರುವಾಯಿತು.

ಇನ್ನು ಹಿಡಿಯುವ ಪ್ರಮಾಣ. ಜಾಗ ತುಂಬಿದ್ದರೆ ಆಹಾರಕ್ಕೆ ಪೈಪೋಟಿ, ಮರಿಗಳು ಉಳಿಯುವುದು ಕಡಿಮೆ. ತೀರಾ ಖಾಲಿಯಿದ್ದರೆ ಮರಿ ಹಾಕಲು ತಾಯಂದಿರೇ ಇಲ್ಲ. ಸರಳ ಲೆಕ್ಕದಲ್ಲಿ, ಜಾಗ ಸಾಕಬಲ್ಲ ಸಂಖ್ಯೆಯ ಅರ್ಧದಷ್ಟಿದ್ದಾಗ ಬೆಳವಣಿಗೆ ಅತಿ ಜೋರು. ಆದರೆ ಸರಿಯಾಗಿ ಅರ್ಧಕ್ಕೇ ಇಳಿಸಲು ಹೋಗಬೇಡಿ. ಎಣಿಕೆ ತಪ್ಪಬಹುದು, ಮರಿಗಳೇ ಉಳಿಯದ ವರ್ಷವೂ ಬರಬಹುದು. ಅರ್ಧಕ್ಕಿಂತ ಸಾಕಷ್ಟು ಮೇಲೆಯೇ ನಿಲ್ಲಿಸಿ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನಿನ ಎಣಿಕೆ ಹೀಗೇ ತಪ್ಪಿತ್ತು. ಉಳಿದ ಮೀನು ಒಂದೆಡೆ ಗುಂಪುಗೂಡುತ್ತಿದ್ದವು, ಬಲೆ ತುಂಬುತ್ತಲೇ ಇತ್ತು. ಕಡಲು ಬರಿದಾಗುತ್ತಿದ್ದುದು ಬಲೆಯಲ್ಲಿ ಕಾಣಲಿಲ್ಲ. 1992ರಲ್ಲಿ ಮೀನುಗಾರಿಕೆ ನಿಲ್ಲಿಸಬೇಕಾಯಿತು; ಆ ನಿಷೇಧ ಮುಗಿದದ್ದು 2024ರಲ್ಲಿ. ಹಾಗಾಗಿ ಬಲೆಗೆ ಬಿದ್ದದ್ದನ್ನಷ್ಟೇ ನಂಬದೆ, ಪ್ರತಿ ವರ್ಷ ಬೇರೆಯಾಗಿ ಎಣಿಸಿ. ಮುಂದಿನ ವರ್ಷ ಎಷ್ಟು ಹಿಡಿಯಬೇಕೆಂದು ಆ ಎಣಿಕೆ ನೋಡಿಯೇ ಗೊತ್ತುಮಾಡಿ.